ಎಲ್ಲ ಶಾಖೆಗೂ 192.168.1 ಇಟ್ಟರೆ ಆಗುವ ಫಜೀತಿ

ಶಿರಸಿ, ಕುಮಟಾ, ಕಾರವಾರದ ಶಾಖೆಗಳನ್ನು ವಿಪಿಎನ್‌ನಲ್ಲಿ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಜೋಡಿಸಲು ಹೊರಟವರು ದಯವಿಟ್ಟು ಮೊದಲು ಇದನ್ನು ಓದಿ.

ಒಂದು ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಆದದ್ದು. ಲೆಕ್ಕದ ಸರ್ವರ್ ಶಿರಸಿಯಲ್ಲಿ, ಐಪಿ 192.168.1.10. ಕುಮಟಾದ ರೌಟರ್ ಕೂಡ ಡಬ್ಬಿಯಿಂದ ತೆಗೆದ ಹಾಗೇ, ಅದೇ 192.168.1.0/24 (ಮೊದಲ ಮೂರು ಸಂಖ್ಯೆ ನೆಟ್‌ವರ್ಕಿನದು, ಕೊನೆಯದು ಯಂತ್ರದ್ದು). ವಿಪಿಎನ್ ಎರಡೂ ಕಡೆ 'ಕನೆಕ್ಟೆಡ್' ಅನ್ನುತ್ತಿತ್ತು. ಆದರೆ ಕುಮಟಾದಲ್ಲಿ ಬ್ರೌಸರಿಗೆ ಆ ಐಪಿ ಕೊಟ್ಟರೆ ತೆರೆದದ್ದು ಅಲ್ಲಿಯದೇ ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್‌ನ ಲಾಗಿನ್ ಪುಟ! ನೆಟ್‌ವರ್ಕ್ ಭಾಗ ಒಂದೇ ಆದ್ದರಿಂದ ಕಂಪ್ಯೂಟರ್ ಆ ವಿಳಾಸವನ್ನು ತನ್ನ ಸ್ವಿಚ್ಚಿನಲ್ಲೇ ಹುಡುಕುತ್ತದೆ, ರೌಟರಿಗೆ ಕಳಿಸುವುದೇ ಇಲ್ಲ. ಲೈನ್ ಸರಿಯಿಲ್ಲವೆಂದು ಇಂಟರ್ನೆಟ್ ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ.

ನ್ಯಾಟ್ (ರೌಟರಿನಲ್ಲಿ ವಿಳಾಸ ಬದಲಿಸಿ ಕಳಿಸುವ ವಿಧಾನ) ಹಾಕಿ ದಾಟಿಸಬಹುದು ಎನ್ನುವವರಿದ್ದಾರೆ. ದಾಟುತ್ತದೆ, ಆದರೆ ಒಂದೊಂದು ಯಂತ್ರಕ್ಕೂ ಎರಡೆರಡು ವಿಳಾಸ ನೆನಪಿಡಬೇಕು. ಒಂದು ಭಾನುವಾರ ಕೂತು ಕುಮಟಾದ ನಂಬರ್ ಬದಲಿಸುವುದೇ ಮೇಲು. ಪ್ರಿಂಟರ್, ಡಿವಿಆರ್, ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಒಳಗಿನ ಯಂತ್ರಕ್ಕೆ ಕಳಿಸುವ ಸೆಟ್ಟಿಂಗ್), ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಯಾವುದನ್ನೂ ಮರೆಯಬೇಡಿ.

ಹೊಸದಾಗಿ ಮಾಡುವವರು ಶಾಖೆಗೊಂದು ಬ್ಲಾಕ್ ಕೊಡಿ: ಶಿರಸಿಗೆ 10.20.0.0/16 (10.20ರಿಂದ ಶುರುವಾಗುವವೆಲ್ಲ), ಕುಮಟಾಕ್ಕೆ 10.21, ಕಾರವಾರಕ್ಕೆ 10.22. ಮೂರನೇ ಸಂಖ್ಯೆ ಎಲ್ಲ ಕಡೆ ಒಂದೇ ಅರ್ಥದ್ದಿರಲಿ: 10 ಕಂಪ್ಯೂಟರ್, 20 ಪ್ರಿಂಟರ್, 30 ಕ್ಯಾಮೆರಾ, 90 ಗ್ರಾಹಕರ ವೈಫೈ. ಒಂದೊಂದೂ /24, ಅಂದರೆ 254 ವಿಳಾಸ, ಒಂದೊಂದೂ ಬೇರೆ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್). 10.22.20.5 ಕಂಡರೆ ಕಾರವಾರದ ಪ್ರಿಂಟರ್ ಎಂದು ಫೋನಿನಲ್ಲೇ ಹೇಳಬಹುದು. 172ರಲ್ಲಿ ಮಾಡುವುದಾದರೆ 172.16ರಿಂದ 172.31ರವರೆಗೆ ಮಾತ್ರ ಖಾಸಗಿ (ಯಾರು ಬೇಕಾದರೂ ಒಳಗೆ ಬಳಸಬಹುದು); 172.32 ಬೇರೆಯವರ ಸ್ವತ್ತು.

ವಿಲ್ಯಾನ್ ಮಾಡಲಾಗದ ಸಣ್ಣ ಆಫೀಸಿನಲ್ಲಿ ಇನ್ನೊಂದು ಕಾಟ, ಅದೂ ಮಳೆಗಾಲದಲ್ಲಿ. ಪ್ರಿಂಟರಿಗೆ ಕೈಯಾರೆ .50 (ವಿಳಾಸದ ಕೊನೆಯ ಸಂಖ್ಯೆ) ಕೊಟ್ಟಿರುತ್ತಾರೆ, ಡಿಎಚ್‌ಸಿಪಿ ಪೂಲ್ (ರೌಟರ್ ತಾನಾಗಿ ಹಂಚುವ ವಿಳಾಸಗಳು) ಮಾತ್ರ .2ರಿಂದ .254. ಕರೆಂಟ್ ಹೋದಾಗ ಯುಪಿಎಸ್ ಮೇಲೆ ರೌಟರ್ ಉಳಿಯುತ್ತದೆ, ಪ್ರಿಂಟರ್ ಆರುತ್ತದೆ. .50 ಖಾಲಿಯೆಂದು ರೌಟರ್ ಅದನ್ನು ಯಾರದೋ ಮೊಬೈಲಿಗೆ ಕೊಡುತ್ತದೆ. ಕರೆಂಟ್ ಬಂದ ಮೇಲೆ ಎರಡಕ್ಕೂ ಒಂದೇ ವಿಳಾಸ, ಬಿಲ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಪೂಲನ್ನು .100ರಿಂದ .199ಕ್ಕೆ ಇಳಿಸಿ, ಕಾಯಂ ವಿಳಾಸಗಳು .100ರ ಕೆಳಗಿರಲಿ. ಯಾವ ಐಪಿ, ಯಾವ ಮ್ಯಾಕ್ (ಯಂತ್ರದ ಗುರುತಿನ ಸಂಖ್ಯೆ), ಯಾವ ಟೇಬಲ್ ಎಂದು ಬರೆದ ಹಾಳೆಯನ್ನು ಸ್ವಿಚ್ಚಿನ ಪೆಟ್ಟಿಗೆಯೊಳಗೇ ಅಂಟಿಸಿ.