ಪಿನ್ ಮಾಯಿಶ್ಚರ್ ಮೀಟರ್: ಮನೆ ನವೀಕರಣದ ಮೊದಲ ಖರೀದಿ ಇದೇ ಆಗಿರಲಿ

ವಾಸದ ಮನೆಯನ್ನೇ ನವೀಕರಿಸಿ, ಬೆಲೆ ಏರಿಸಿ, ಅಲ್ಲಿಂದ ಆಸ್ತಿ ಹೂಡಿಕೆಗೆ ಇಳಿಯಬೇಕು ಎನ್ನುವವರು ಸಾಮಾನ್ಯವಾಗಿ ಅಡುಗೆಮನೆ, ಟೈಲ್ಸ್, ಬಣ್ಣದ ಲೆಕ್ಕದಿಂದ ಶುರು ಮಾಡುತ್ತಾರೆ. ಆ ಖರ್ಚನ್ನೆಲ್ಲ ನುಂಗಿಹಾಕುವುದು ಗೋಡೆಯೊಳಗಿನ ತೇವ. ತೇವದ ಗೋಡೆಗೆ ಪುಟ್ಟಿ ಎಳೆದು ಬಣ್ಣ ಹೊಡೆದರೆ ಸ್ವಲ್ಪ ಕಾಲದಲ್ಲೇ ಗುಳ್ಳೆ ಏಳುತ್ತದೆ, ಮನೆ ನೋಡಲು ಬಂದವರು ಆ ಗುಳ್ಳೆಯನ್ನೇ ತೋರಿಸಿ ಬೆಲೆ ಇಳಿಸುತ್ತಾರೆ. ಅದಕ್ಕಾಗಿಯೇ ಪಿನ್ ಮಾಯಿಶ್ಚರ್ ಮೀಟರ್ ಡ್ರಿಲ್ಲಿಗಿಂತ ಮೊದಲು ಕೈಗೆ ಬರಬೇಕಾದ ಉಪಕರಣ. ಆದರೆ ಅದು ತೋರಿಸುವ ಸಂಖ್ಯೆಯನ್ನು ಓದಲು ಗೊತ್ತಿರಬೇಕು.

ಅದರ ಕೆಲಸ ಸರಳ. ಎರಡು ಲೋಹದ ಪಿನ್‌ಗಳ ನಡುವಿನ ವಿದ್ಯುತ್ ಪ್ರತಿರೋಧವನ್ನು ಅಳೆದು, ಅದನ್ನು ಶೇಕಡಾವಾರು ತೇವವಾಗಿ ತೋರಿಸುತ್ತದೆ. ತೇವ ಹೆಚ್ಚಿದಂತೆ ಪ್ರತಿರೋಧ ಇಳಿಯುತ್ತದೆ. ಈ ಅಳತೆಪಟ್ಟಿಯನ್ನು ಮರಕ್ಕಾಗಿ ಹೊಂದಿಸಿರುತ್ತಾರೆ. ಬಾಗಿಲಿನ ಚೌಕಟ್ಟು, ಕಿಟಕಿ, ಛಾವಣಿಯ ತೊಲೆಗಳ ಮೇಲೆ ಅದರ ಮಾತನ್ನು ನಂಬಬಹುದು. ಮರದಲ್ಲಿ ಶೇ. 20ಕ್ಕಿಂತ ಹೆಚ್ಚು ತೇವ ಬಹುಕಾಲ ನಿಂತರೆ ಕೊಳೆಯುವ ಅಪಾಯ ಇದೆ. ಅಂಥ ಕಡೆ ಹೊಸ ಮರ ಹಾಕುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ಸಿಮೆಂಟ್ ಗಾರೆ, ಇಟ್ಟಿಗೆ, ಕಾಂಕ್ರೀಟಿನ ಮೇಲೆ ಅದೇ ಸಂಖ್ಯೆಗೆ ಶೇಕಡಾ ಎಂಬ ಅರ್ಥವಿಲ್ಲ. ಅಲ್ಲಿ ಬೇಕಾದದ್ದು ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ. ಮೊದಲು ಖಚಿತವಾಗಿ ಒಣಗಿರುವ ಒಳಗೋಡೆಯಲ್ಲಿ ನಾಲ್ಕೈದು ಕಡೆ ಚುಚ್ಚಿ, ಬಂದ ಸಂಖ್ಯೆಯನ್ನು ಆಧಾರವಾಗಿ ಬರೆದುಕೊಳ್ಳಿ. ಆಮೇಲೆ ಅನುಮಾನದ ಗೋಡೆಯಲ್ಲಿ ನೆಲದಿಂದ ಮೇಲಕ್ಕೆ 30 ಸೆಂ.ಮೀ.ಗೆ ಒಂದರಂತೆ, ಅಡ್ಡಕ್ಕೆ 50 ಸೆಂ.ಮೀ.ಗೆ ಒಂದರಂತೆ ಅಳೆದು, ಆಯಾ ಜಾಗದಲ್ಲೇ ಸೀಮೆಸುಣ್ಣದಿಂದ ಬರೆಯಿರಿ. ಗೋಡೆ ಪೂರ್ತಿ ಮುಗಿದಾಗ ನೀರಿನ ದಾರಿ ಕಣ್ಣಿಗೆ ಬೀಳುತ್ತದೆ.

ಕೆಳಗೆ ಹೆಚ್ಚಿದ್ದು ಸುಮಾರು ಒಂದು ಮೀಟರ್ ಎತ್ತರದ ಹೊತ್ತಿಗೆ ಇಳಿದರೆ ಬುನಾದಿಯಿಂದ ತೇವ ಏರುತ್ತಿರಬಹುದು. ಹೊರಗೆ ಹೋಗಿ ಮಣ್ಣಿನ ಮಟ್ಟ ನೋಡಿ: ಹೂದೋಟದ ಮಣ್ಣೋ ಹೊಸ ಕಾಂಕ್ರೀಟ್ ದಾರಿಯೋ ಗೋಡೆಯ ತೇವತಡೆ ಪದರಕ್ಕಿಂತ (ನೆಲದ ನೀರು ಗೋಡೆಗೆ ಏರದಂತೆ ಬುನಾದಿಯ ಮೇಲೆ ಹಾಕುವ ಪದರ) ಮೇಲೆ ಬಂದಿದ್ದರೆ, ಅದನ್ನು ಪದರದಿಂದ 15 ಸೆಂ.ಮೀ. ಕೆಳಗಿಳಿಸುವುದೇ ಮೊದಲ ಚಿಕಿತ್ಸೆ. ಒಂದೇ ಕಡೆ ಕಲೆಯಂತೆ ಹೆಚ್ಚಿದ್ದರೆ ಪೈಪು ಸೋರುತ್ತಿರಬಹುದು. ಕಿಟಕಿಯ ಕೆಳಗೆ ಹೆಚ್ಚಿದ್ದರೆ ಚೌಕಟ್ಟಿನ ಸಂದು ಬಿಟ್ಟಿರಬಹುದು. ಛಾವಣಿಯ ಹತ್ತಿರದ ತಣ್ಣನೆಯ ಮೂಲೆಯಲ್ಲಿ ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ, ಎರಡು ಸಣ್ಣ ತೂತು ಕೊರೆದು ಮೀಟರಿಗೆ ಸಿಕ್ಕಿಸುವ ಉದ್ದ ಪಿನ್‌ಗಳಿಂದ, ಅಂದರೆ ಪ್ರೋಬ್‌ಗಳಿಂದ, ಒಳಗೆ ಅಳೆಯಿರಿ. ಒಳಗೆ ಒಣಗಿದ್ದರೆ ಅದು ಗಾಳಿಯ ತೇವ ಹನಿಗಟ್ಟಿದ್ದು. ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಬೇಕು, ಏರುವ ತೇವ ತಡೆಯಲು ಗೋಡೆಗೆ ಕೊಡುವ ರಾಸಾಯನಿಕ ಇಂಜೆಕ್ಷನ್ ಬೇಡ. ಇಷ್ಟನ್ನು ತಿಳಿಸಿದರೂ ಮೀಟರಿನ ಬೆಲೆ ಹುಟ್ಟಿದಂತೆ.

ಮೀಟರ್ ಮೋಸ ಹೋಗುವ ಜಾಗಗಳೂ ಇವೆ. ದೊಡ್ಡದು ಉಪ್ಪು. ಬಹುಕಾಲ ತೇವ ಏರಿದ ಗೋಡೆಯ ಗಾರೆಯಲ್ಲಿ ಉಪ್ಪು ಉಳಿದಿರುತ್ತದೆ. ಅದು ವಿದ್ಯುತ್ತನ್ನು ಸುಲಭವಾಗಿ ಹರಿಸುತ್ತದೆ, ಗಾಳಿಯಿಂದ ತೇವವನ್ನೂ ಎಳೆದುಕೊಳ್ಳುತ್ತದೆ. ಸೋರಿಕೆ ನಿಂತ ಮೇಲೂ ಸಂಖ್ಯೆ ಇಳಿಯುವುದಿಲ್ಲ. ಬಿಳಿ ಪುಡಿ ಉದುರುವ ಗೋಡೆಯಲ್ಲಿ ಮೀಟರಿನ ಮೇಲೆ ತೀರ್ಪು ಕೊಡಬೇಡಿ. ಕೊರೆದು ತೆಗೆದ ಪುಡಿಯನ್ನು ಕಾರ್ಬೈಡ್ ಪರೀಕ್ಷೆಗೆ ಕೊಡಿ. ಅದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ನೀರಿನೊಡನೆ ಸೇರಿ ಹುಟ್ಟುವ ಅಸಿಟಿಲೀನ್ ಅನಿಲದ ಒತ್ತಡದಿಂದ ತೇವ ಗೊತ್ತಾಗುತ್ತದೆ. ಗಾರೆಯೊಳಗಿನ ಲೋಹದ ಜಾಲರಿ, ಮೂಲೆಪಟ್ಟಿ, ಅಲ್ಯೂಮಿನಿಯಂ ಹಾಳೆಯ ವಾಲ್‌ಪೇಪರ್ ಕೂಡ ಸುಳ್ಳು ಸಂಖ್ಯೆ ಕೊಡುತ್ತವೆ.

ಹೊಸ ಸ್ಕ್ರೀಡಿನ (ನೆಲವನ್ನು ಸಮತಟ್ಟು ಮಾಡಲು ಹಾಕುವ ಸಿಮೆಂಟ್ ಗಾರೆಯ ಪದರ) ಮೇಲೆ ಮರದ ನೆಲಹಾಸು ಹಾಕುವ ತೀರ್ಮಾನಕ್ಕೂ ಈ ಮೀಟರ್ ಸಾಲದು. ಪಿನ್ ಮುಟ್ಟುವುದು ಕೆಲವೇ ಮಿ.ಮೀ. ಆಳ. ಮೇಲೆ ಒಣಗಿದ್ದರೂ ಕೆಳಗೆ ಹಸಿ ಇರುತ್ತದೆ. ಗಾಳಿ ಆಡುವ ಕಡೆ 50 ಮಿ.ಮೀ.ವರೆಗಿನ ಸಿಮೆಂಟ್ ಸ್ಕ್ರೀಡ್ ಒಣಗಲು ಮಿ.ಮೀ.ಗೆ ಒಂದು ದಿನ ಎಂಬುದು ಅಂದಾಜು. ಅದಕ್ಕಿಂತ ದಪ್ಪವಿದ್ದರೆ ಇನ್ನೂ ನಿಧಾನ. ಸ್ಕ್ರೀಡಿನ ಮೇಲೆ 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಕನಿಷ್ಠ 16 ಗಂಟೆ ಬಿಡಿ. ಅಡಿಯಲ್ಲಿ ಹನಿ ಕಂಡರೆ ಕೆಲಸ ನಿಲ್ಲಿಸಿ. ಹನಿ ಕಾಣದಿದ್ದರೂ ಮರದ ನೆಲಕ್ಕೆ ಸ್ಕ್ರೀಡಿನೊಳಗೆ ಇಡುವ ಆರ್ದ್ರತೆಯ ಪ್ರೋಬ್‌ನಿಂದ ಖಚಿತಪಡಿಸಿಕೊಳ್ಳಿ.

ಸೋರಿಕೆ ನಿಲ್ಲಿಸಿದ ಗೋಡೆ ಒಣಗಲು ತಿಂಗಳುಗಳೇ ಹಿಡಿಯುತ್ತವೆ. ಸಾಲದ ಬಡ್ಡಿ ಓಡುತ್ತಿರುವಾಗ ಇದು ಹೂಡಿಕೆಯ ಲೆಕ್ಕವೂ ಹೌದು. ನೀರಿನ ಮೂಲವನ್ನು ಮೊದಲ ವಾರದಲ್ಲೇ ಮುಚ್ಚಿ. ಗೋಡೆ ಒಣಗುವಷ್ಟರಲ್ಲಿ ವೈರಿಂಗ್, ಪ್ಲಂಬಿಂಗ್ ಮುಗಿಸಿ. ಅದೇ ಗುರುತುಗಳಲ್ಲಿ ಎರಡು ವಾರಕ್ಕೊಮ್ಮೆ ಅಳೆದು, ಸಂಖ್ಯೆ ಆಧಾರದ ಹತ್ತಿರ ಬಂದು ನಿಂತ ಮೇಲೆ ಪ್ರೈಮರ್ ಹಚ್ಚಿ. ತಾರೀಖಿನ ಜೊತೆ ತೆಗೆದ ಫೋಟೊಗಳು ಮಾರುವಾಗ ಕೊಳ್ಳುವವರಿಗೆ ತೋರಿಸಲು ಒಳ್ಳೆಯ ದಾಖಲೆ.

ಕೊಳ್ಳುವಾಗ ನೋಡಬೇಕಾದದ್ದು: ಬದಲಿಸಬಹುದಾದ ಪಿನ್, ಉದ್ದ ಪ್ರೋಬ್ ಸಿಕ್ಕಿಸುವ ಕಿಂಡಿ, ಮೀಟರ್ ಸರಿಯಿದೆಯೇ ಎಂದು ಪರೀಕ್ಷಿಸುವ ವ್ಯವಸ್ಥೆ, ಸಂಖ್ಯೆ ಹಿಡಿದಿಡುವ ಹೋಲ್ಡ್ ಗುಂಡಿ. ಬಣ್ಣಬಣ್ಣದ ದೀಪಗಳಷ್ಟೇ ಇದ್ದು ಸಂಖ್ಯೆ ತೋರಿಸದ ಅಗ್ಗದ ಮಾದರಿ ಬೇಡ, ಹೋಲಿಕೆಗೆ ಅದು ಬರುವುದಿಲ್ಲ. ಪಿನ್ ಇಲ್ಲದ ಮಾದರಿ ಗೋಡೆಗೆ ತೂತು ಮಾಡದೆ ಸುಮಾರು 2 ಸೆಂ.ಮೀ. ಆಳದವರೆಗೆ ಹುಡುಕುತ್ತದೆ, ಟೈಲ್ಸ್ ಮೇಲೆ ಅನುಕೂಲ, ಆದರೆ ಒರಟು ಗಾರೆಯ ಮೇಲೆ ಪೂರ್ತಿ ಕೂರುವುದಿಲ್ಲ. ಒಂದೇ ಕೊಳ್ಳುವುದಾದರೆ ಪಿನ್ ಇರುವುದನ್ನೇ ಕೊಳ್ಳಿ. ಗಟ್ಟಿ ಗಾರೆಯಲ್ಲಿ ಅದನ್ನು ನೇರವಾಗಿ ಒತ್ತಿ, ತಿರುಚಿದರೆ ಪಿನ್ ಬಾಗುತ್ತದೆ. ಎರಡು ಜೊತೆ ಪಿನ್ ಹೆಚ್ಚಿಗೆ ಇಟ್ಟುಕೊಳ್ಳಿ.