ಕಡೂರು ರೋಡ್ ಗ್ಯಾರೇಜು, ನಮ್ಮ ಕಾರು ಕುದ್ದ ಕಥೆ

ಹೋದ ಭಾನುವಾರ ಮುಳ್ಳಯ್ಯನಗಿರಿಗೆ ಹೊರಟಿದ್ವಿ, ಕೈಮರ ದಾಟಿ ಮೇಲೆ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ಬಿಡ್ತು, ಟ್ರಾಫಿಕ್ ಹಿಂದೆ ಫಸ್ಟ್ ಗೇರಲ್ಲಿ ತೆವಳ್ತಾ ಇದ್ರೆ ರೇಡಿಯೇಟರ್‌ಗೆ ಗಾಳಿ ಎಲ್ಲಿಂದ ಬರ್ಬೇಕು, ಸೈಡಿಗೆ ಹಾಕಿ ಆಫ್ ಮಾಡ್ದೆ. ನಮ್ಮ ಭಾವ ಕ್ಯಾಪ್ ತೆಗೆದು ನೀರು ಹಾಕೋಣ ಅಂದ್ರು. ಬೇಡ ಮಾರಾಯ್ರೇ, ಬಿಸಿ ಇದ್ದಾಗ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ.

ಟೋ ಮಾಡಿಸ್ಕೊಂಡು ಕಡೂರು ರೋಡ್ ಕಡೆ ಒಂದು ಸಣ್ಣ ಗ್ಯಾರೇಜಿಗೆ ತಂದ್ವಿ. ಮೆಕ್ಯಾನಿಕ್ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿದ್ರು, ಆಯಿಲ್ ಹಾಲು ಹಾಕಿದ ಕಾಫಿ ತರ ಆಗಿದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ಮಧ್ಯೆ ಇರೋ ಸೀಲು) ಹೋಗಿ ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ದ್ರವ, ಆಯಿಲ್ ಒಳಗೆ ಸೇರಿರೋ ಚಾನ್ಸ್ ಜಾಸ್ತಿಯಂತೆ, ಪುಣ್ಯಕ್ಕೆ ನಮ್ದು ಹಾಗಾಗಿರ್ಲಿಲ್ಲ. 'ಹಂಗೇ ಓಡ್ಸಿದ್ರೆ ಅಲ್ಯೂಮಿನಿಯಂ ಹೆಡ್ಡೇ ಸೊಟ್ಟ ಆಗ್ತಿತ್ತು ಸಾರ್' ಅಂದ್ರು. ತಪ್ಪು ಥರ್ಮೋಸ್ಟ್ಯಾಟ್‌ದು, ಇಂಜಿನ್ ಬಿಸಿ ಆದಾಗ ಬಾಯಿ ಬಿಟ್ಟು ಕೂಲೆಂಟನ್ನ ರೇಡಿಯೇಟರ್‌ಗೆ ಬಿಡೋ ವಾಲ್ವ್ ಅದು. ಬಿಚ್ಚಿ ಕುದಿಯೋ ನೀರಲ್ಲಿ ಹಾಕಿ ತೋರಿಸಿದ್ರು, ಬಾಯೇ ಬಿಡ್ಲಿಲ್ಲ ಅದು, ಹಂಗಾಗಿ ಕೂಲೆಂಟ್ ರೇಡಿಯೇಟರ್‌ಗೇ ಹೋಗ್ತಿರ್ಲಿಲ್ಲ. ಇಷ್ಟು ಬಿಡಿಸಿ ಹೇಳೋರು ಎಲ್ಲಿದಾರೆ ಈಗ?

ಹೊಸ ಥರ್ಮೋಸ್ಟ್ಯಾಟ್, ಕೂಲೆಂಟ್ ಎಲ್ಲಾ ಸೇರಿ 2,300 ಆಯ್ತು, ಹಳೇದನ್ನ ಕೈಗೇ ಕೊಟ್ರು. ಆದ್ರೆ 4 ಗಂಟೆಗೆ ಕೊಡ್ತೀನಿ ಅಂದೋರು ಕೊಟ್ಟಿದ್ದು ಏಳೂವರೆಗೆ, ಕೂರೋಕೆ ಒಂದು ಕುರ್ಚಿನೂ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್.