ಹಳೇ ಕಟಿಂಗ್ ಮೆಷಿನ್ ಎಕ್ಸ್‌ಚೇಂಜ್‌ಗೆ ಕೊಡಬೇಡಿ, ದಯವಿಟ್ಟು

ಮನೆಯಲ್ಲಿ ಅಪ್ಪನದ್ದೋ ಮಾವನದ್ದೋ ಹಳೇ ಮರ ಕೊಯ್ಯುವ ಮೆಷಿನ್ ಇದ್ದರೆ ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಎರಡು ವಾರ ಹೆಂಡತಿಗೂ ಹೇಳಿರಲಿಲ್ಲ. ಆದರೆ ಇದೇ ಮಾತು ಹೇಳಿ ಇನ್ನೂ ಎಷ್ಟು ಜನರ ಹತ್ತಿರ ಕಿತ್ತುಕೊಳ್ಳುತ್ತಿದ್ದಾರೋ ಅಂತ ನೆನೆಸಿಕೊಂಡರೆ ಸುಮ್ನೆ ಕೂರಲು ಆಗುತ್ತಿಲ್ಲ.

ನಮ್ಮ ಅಪ್ಪ ಬಡಗಿ. ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಶೆಡ್ ಇತ್ತು. 1994ರಲ್ಲಿ ದುಬೈನಿಂದ ಬಂದ ಪರಿಚಯದವರ ಹತ್ತಿರ ಜಪಾನಿನ ಮಕಿತಾ ಕಂಪನಿಯ ಒಂದು ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡಿನ ಕರೆಂಟ್ ಗರಗಸ, ತೆಗೆದುಕೊಂಡರು. 7 ಇಂಚಿನ ಬ್ಲೇಡು. ಮನೆಯಲ್ಲಿ ಎಲ್ಲರಿಗೂ ಅದು ಕಟಿಂಗ್ ಮೆಷಿನ್. ತೇಗ, ಹೊನ್ನೆ, ಮತ್ತಿ ಎಲ್ಲ ಅದರಲ್ಲೇ. ಆಮೇಲೆ ಪ್ಲೈವುಡ್ ಕಾಲ ಬಂತು, ಅದೂ ಅದರಲ್ಲೇ. ಹಿಡಿ ಕೈಯಲ್ಲಿ ಜಾರುತ್ತದೆ ಅಂತ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದರು. ಮರದ ಮೇಲೆ ಕೂರುವ ಬೇಸ್ ಪ್ಲೇಟಿನ ಮೂಲೆಯಲ್ಲಿ ಅರದಿಂದ ಮೂರು ಗೆರೆ ಹಾಕಿದ್ದರು, ಸೈಟಿನಲ್ಲಿ ಬೇರೆಯವರದ್ದಕ್ಕೆ ಬೆರೆಯಬಾರದು ಅಂತ.

ಅಪ್ಪ ಹೋಗಿ ಐದು ವರ್ಷ ಆಯಿತು. ನನ್ನದು ಆಫೀಸ್ ಕೆಲಸ. ಭಾನುವಾರ ಮನೆಯಲ್ಲೇ ಒಂದು ಶೆಲ್ಫ್, ಒಂದು ಸ್ಟೂಲು ಅಂತ ಏನಾದರೂ ಮಾಡುತ್ತೇನೆ. ಈ ಸಲ ಮೆಷಿನ್ ಕೈ ಕೊಟ್ಟಿತು. ಒಳಗೆ ಕಿಡಿ, ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಮೆಷಿನ್ ಅಂಗಡಿಗಳಿರುವ ಎಸ್‌ಜೆಪಿ ರಸ್ತೆಗೆ ತೆಗೆದುಕೊಂಡು ಹೋದೆ. ಅಂಗಡಿ ಹೆಸರು ಬರೆಯುವುದಿಲ್ಲ. ಆ ರಸ್ತೆಯಲ್ಲಿ ಒಳ್ಳೆಯ ಅಂಗಡಿಗಳೂ ಬೇಕಾದಷ್ಟಿವೆ, ನನ್ನ ಗ್ರಹಚಾರಕ್ಕೆ ಇದು ಸಿಕ್ಕಿತು.

ಯಜಮಾನರು ಪ್ಲಗ್ ಹಾಕಿ ಎರಡು ಸೆಕೆಂಡ್ ಓಡಿಸಿದರು. ಬಿಚ್ಚಲೇ ಇಲ್ಲ. ನೆನಪಿಡಿ, ಬಿಚ್ಚಲೇ ಇಲ್ಲ.

"ಕಿಡಿ ನೋಡಿದ್ರಲ್ಲ ಸಾರ್? ಆರ್ಮೇಚರ್ ಹೋಗಿದೆ. ಇದಕ್ಕೆ ಸ್ಪೇರ್ ಎಲ್ಲೂ ಸಿಗಲ್ಲ. 30 ವರ್ಷ ದುಡಿದಿದೆ ಪಾಪ, ಇನ್ನೆಷ್ಟು ದುಡಿಸ್ತೀರಾ?"

ಆರ್ಮೇಚರ್ ಅಂದರೆ ಮೋಟರಿನ ಒಳಗೆ ತಿರುಗುವ ಸುರುಳಿ. ಆದರೆ ನಾನು ಕರಗಿಹೋದದ್ದು ಆ ಕೊನೆಯ ಮಾತಿಗೆ. ಮುದಿ ಎತ್ತಿಗೆ ನೊಗ ಕಟ್ಟಿದವನ ಹಾಗೆ ಅನ್ನಿಸಿತು. ಹಳೇದಕ್ಕೆ 600 ಹಿಡಿದುಕೊಂಡರು. ಮೇಲೆ 3,900 ಕೊಟ್ಟು ಹೊಸದು ತಂದೆ. ಫಳಫಳ ಹೊಳೆಯುತ್ತಿತ್ತು. ಕೈಯಲ್ಲಿ ಹಗುರ. ಹಗುರ ಅಂತ ಖುಷಿ ಬೇರೆ ಪಟ್ಟೆ.

ಹನ್ನೊಂದು ವಾರ. ಅಷ್ಟೇ ಅದರ ಆಯಸ್ಸು. ಮೊದಲು ಬೇಸ್ ಪ್ಲೇಟ್ ಬಾಗಿತು, ತೆಳು ತಗಡು. ಗೆರೆ ಮೇಲೆ ಇಟ್ಟರೂ ಕಟಿಂಗ್ ಓರೆ. ಆಮೇಲೆ 19 ಎಂಎಂ ಪ್ಲೈ ಕೊಯ್ಯುವಾಗ ಸುಟ್ಟ ವಾಸನೆ, ಕೀರ್ ಅಂತ ಸದ್ದು, ನಿಂತೇಹೋಯಿತು. ನಮ್ಮ ಲಗ್ಗೆರೆಯ ವೈಂಡಿಂಗ್ ಹುಡುಗ ಬಿಚ್ಚಿ ತೋರಿಸಿದ. ಬೇರಿಂಗ್ ಕೂರುವ ಜಾಗವೇ ಪ್ಲಾಸ್ಟಿಕ್. ಬಿಸಿಗೆ ಅದು ಸಡಿಲವಾಗಿದೆ, ಬೇರಿಂಗ್ ಅಲ್ಲಾಡಿದೆ, ಆರ್ಮೇಚರ್ ಹೋಗಿ ಸುತ್ತಲಿನ ತಿರುಗದ ಸುರುಳಿಗೆ, ಅಂದರೆ ಫೀಲ್ಡ್ ಕಾಯಿಲ್‌ಗೆ, ಉಜ್ಜಿದೆ. ಅಪ್ಪನ ಮೆಷಿನ್ನಿನಲ್ಲಿ ಗೇರು ಕೂತಿದ್ದ ಮನೆ ಎರಕದ ಅಲ್ಯೂಮಿನಿಯಂ. ಬಿಸಿಯಾದರೂ ಅದು ಜಗ್ಗುತ್ತಿರಲಿಲ್ಲ. ಆ ಕಾಲದ ಒಳ್ಳೆಯ ಮೆಷಿನ್ ಭಾರ ಇರುತ್ತಿದ್ದದ್ದು ಸುಮ್ನೆ ಅಲ್ಲ.

ಬಿಲ್ ತೆಗೆದುಕೊಂಡು ಮತ್ತೆ ಹೋದೆ.

"ಲೋಡ್ ಜಾಸ್ತಿ ಕೊಟ್ಟಿದ್ದೀರಾ ಸಾರ್. ಇದು ಹೋಮ್ ಯೂಸ್ ಪೀಸು."

"ಮನೆಯಲ್ಲೇ ಬಳಸಿದ್ದು ಯಜಮಾನ್ರೇ, ಭಾನುವಾರ ಮಾತ್ರ."

"ಹಂಗಾದ್ರೆ ನಿಮ್ಮ ಏರಿಯಾ ವೋಲ್ಟೇಜ್ ಪ್ರಾಬ್ಲಂ. ಬಿಲ್ಲಲ್ಲಿ ನೋಡಿ, ಮೋಟರ್‌ಗೆ ವಾರಂಟಿ ಇಲ್ಲ."

ಮೋಟರ್‌ಗೆ ಇಲ್ಲ ಅಂದರೆ ಇನ್ನು ಯಾವುದಕ್ಕೆ ವಾರಂಟಿ? ವೈರಿಗಾ, ಡಬ್ಬಕ್ಕಾ? ಕೇಳುತ್ತಾ ನಿಂತಿದ್ದೆ. ಆಗ ಸದ್ದು ಬಂತು.

ಅಂಗಡಿಯ ಹಿಂದುಗಡೆಯಿಂದ. ಮೊದಲು ಗುಂಯ್ ಅಂತ ಏರಿ, ಮರ ಸಿಕ್ಕಿದ ತಕ್ಷಣ ಸ್ವಲ್ಪ ದಪ್ಪವಾಗಿ, ಆಮೇಲೆ ಒಂದೇ ಸಮ ನಿಲ್ಲುವ ಸದ್ದು. ಚಿಕ್ಕಂದಿನಿಂದ ಆ ಸದ್ದು ಕೇಳಿಕೊಂಡೇ ಬೆಳೆದವನು ನಾನು. ತಿರುಗಿ ನೋಡುವ ಮೊದಲೇ ಗೊತ್ತಾಯಿತು. ಮೈಯೆಲ್ಲ ತಣ್ಣಗಾಯಿತು. ಹಿಂದೆ ಅಂಗಡಿ ಹುಡುಗ ಯಾರೋ ಗಿರಾಕಿಗೆ ಮೆಷಿನ್ ಓಡಿಸಿ ತೋರಿಸುತ್ತಿದ್ದ. ಹಿಡಿಯ ಮೇಲೆ ಸೈಕಲ್ ಟ್ಯೂಬ್. ಮೂಲೆಯಲ್ಲಿ ಮೂರು ಗೆರೆ.

"ಇದು ನಂದು!" ಅಂದೆ. ಗಂಟಲು ಕಟ್ಟಿತ್ತು.

"ಎಂಥದ್ದು ನಿಮ್ದು? ಎಕ್ಸ್‌ಚೇಂಜ್ ಅಂದ್ರೆ ಎಕ್ಸ್‌ಚೇಂಜ್."

"ಆರ್ಮೇಚರ್ ಹೋಗಿದೆ, ಸ್ಪೇರ್ ಸಿಗಲ್ಲ ಅಂದ್ರಲ್ಲ?"

"ರಿಪೇರಿ ಮಾಡಿಸಿದ್ವಿ. ಖರ್ಚಾಗಿದೆ ನಮಗೆ."

ಹುಡುಗ ಪಾಪ ಒಳ್ಳೆಯವನು, ಏನೂ ಗೊತ್ತಿಲ್ಲದೆ ಹೇಳಿಬಿಟ್ಟ. "ಏನಿಲ್ಲ ಅಣ್ಣ, ಕಾರ್ಬನ್ ಹಾಕಿದ್ದು ಅಷ್ಟೇ."

ಕಾರ್ಬನ್. ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು. ಒಂದು ಜೊತೆಗೆ ನೂರು ರೂಪಾಯಿಯೂ ಆಗುವುದಿಲ್ಲ. ಮೋಟರಿನ ಎರಡು ಪಕ್ಕ ಎರಡು ಕಪ್ಪು ಮುಚ್ಚಳ ಇರುತ್ತವೆ. ಸ್ಕ್ರೂಡ್ರೈವರಿನಲ್ಲಿ ತಿರುಗಿಸಿದರೆ ಸ್ಪ್ರಿಂಗಿನ ಜೊತೆ ಕಾರ್ಬನ್ ಹೊರಗೆ ಬರುತ್ತದೆ. ಸವೆದು ಗಿಡ್ಡ ಆದರೆ ಆರ್ಮೇಚರಿನ ತುದಿಯ ತಾಮ್ರದ ಕಮ್ಯುಟೇಟರಿಗೆ ಸರಿಯಾಗಿ ಒತ್ತುವುದಿಲ್ಲ. ಅದಕ್ಕೇ ಕಿಡಿ, ಅದಕ್ಕೇ ಓಡಿ ಓಡಿ ನಿಲ್ಲುವುದು. ಅಪ್ಪ ಇದನ್ನು ಎಷ್ಟು ಸಲ ಮಾಡಿದ್ದಾರೆ. ನಾನೇ ಟಾರ್ಚ್ ಹಿಡಿದು ನಿಂತಿದ್ದೇನೆ. ಟಾರ್ಚ್ ಹಿಡಿದವನಿಗೆ ಇಷ್ಟು ನೆನಪಾಗಲಿಲ್ಲವಲ್ಲ, ಅದೇ ಹೊಟ್ಟೆ ಉರಿಯುತ್ತದೆ.

ವಾಪಸ್ ಕೊಡಿ ಅಂದೆ. 7,000 ಅಂದರು. "ಒರಿಜಿನಲ್ ಜಪಾನ್ ಪೀಸು ಸಾರ್, ಇನ್ನೂ 20 ವರ್ಷ ಬರುತ್ತೆ. ನಿಮಗಾದ್ರೆ 6,500." ಅದೇ ಬಾಯಿ! ಮೂರು ತಿಂಗಳ ಹಿಂದೆ ಮುಗೀತು ಅಂದ ಅದೇ ಬಾಯಿ! ತಿಂಗಳ ಕೊನೆ, ನನ್ನ ಹತ್ತಿರ 1,200 ಇತ್ತು. ಸಾವಿರ ಅಡ್ವಾನ್ಸ್ ಇಟ್ಟುಕೊಳ್ಳಿ, ನಾಳೆ ಬರುತ್ತೇನೆ ಅಂದೆ. "ಅಡ್ವಾನ್ಸ್ ಎಲ್ಲ ಬೇಡ, ನಾಳೆ ಬನ್ನಿ" ಅಂದರು. ರಾತ್ರಿ ಭಾವನ ಹತ್ತಿರ ಸಾಲ ಮಾಡಿ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆ.

"ನಿನ್ನೆ ಸಾಯಂಕಾಲನೇ ಹೋಯ್ತು ಸಾರ್. ನೀವು ತಡ ಮಾಡಿದ್ರಿ."

ತಡ ಮಾಡಿದ್ದು ನಾನಂತೆ.

ಹಳೇದು ಅಂದ ತಕ್ಷಣ ಆಯಸ್ಸು ಮುಗೀತು ಅನ್ನುವವರ ಮಾತು ನಂಬಬೇಡಿ. ಅಮೆರಿಕದ ಸ್ಕಿಲ್ ಕಂಪನಿಯ ಮಾಡೆಲ್ 77 ಗರಗಸ 1937ರಲ್ಲಿ ಬಂದದ್ದು. ಹೆಚ್ಚುಕಡಿಮೆ ಅದೇ ರೂಪದಲ್ಲಿ ಇವತ್ತಿಗೂ ಮಾರುತ್ತಿದ್ದಾರೆ. ಚೆನ್ನಾಗಿ ಮಾಡಿದ ಮೆಷಿನ್ನಿನಲ್ಲಿ ಸವೆಯುವುದು ಕಾರ್ಬನ್, ಬೇರಿಂಗ್, ವೈರು, ಸ್ವಿಚ್ಚು. ಇವೆಲ್ಲ ಬದಲಾಯಿಸಬಹುದು. ಕಿಡಿ ಬಂದರೆ ಮೊದಲು ಪ್ಲಗ್ ಕಿತ್ತು ಕಾರ್ಬನ್ ನೋಡಿ, ಎರಡನ್ನೂ ಒಟ್ಟಿಗೇ ಬದಲಾಯಿಸಿ. ಆರ್ಮೇಚರ್ ಹೋಗಿದೆ ಅಂದರೆ ನಿಮ್ಮ ಕಣ್ಣೆದುರಿಗೇ ಬಿಚ್ಚಿಸಿ. ಬಿಚ್ಚದೆ ಹೇಳುವವನ ಅಂಗಡಿಯಿಂದ ಎದ್ದು ಬನ್ನಿ. ರೇಟು ಕೇಳುವುದೂ ಬೇಡ.

ಇನ್ನೊಂದು ಮಾತು. ಆ ಮೆಷಿನ್ ತೆಗೆದುಕೊಂಡವರು ಇದನ್ನು ಓದುತ್ತಿರಬಹುದು. ಹಿಡಿಗೆ ಸೈಕಲ್ ಟ್ಯೂಬ್, ಬೇಸ್ ಪ್ಲೇಟಿನಲ್ಲಿ ಮೂರು ಗೆರೆ. ನಿಮ್ಮ ತಪ್ಪೇನೂ ಇಲ್ಲ. ನೀವು ಎಷ್ಟು ಕೊಟ್ಟಿರೋ ಅದಕ್ಕೆ ಸಾವಿರ ಸೇರಿಸಿ ಕೊಡುತ್ತೇನೆ, ದಯವಿಟ್ಟು ತಿಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಗೇರಿಗೆ ಆಗಾಗ ಗ್ರೀಸ್ ಹಾಕಿ. ಬ್ಲೇಡು ಮುಚ್ಚುವ ಕೆಳಗಿನ ಗಾರ್ಡಿನ ಸ್ಪ್ರಿಂಗ್ ಸ್ವಲ್ಪ ಬಿಗಿ, ಧೂಳು ಸೇರಿದರೆ ಅಂಟಿಕೊಳ್ಳುತ್ತದೆ, ಪ್ರತಿ ಸಲ ನೋಡಿಕೊಂಡು ಕೈ ಇಡಿ.